ಮಾವನ ಇಲಿ ಸಂಸಾರ

ನಮ್ಮ ಸೋದರಮಾವನಿಗೆ ಹುಚ್ಚು ಎಂದು ನಾನಂತೂ ಯಾವತ್ತೂ ಹೇಳಿದವಳಲ್ಲ. ನಾನು ಹೇಳುವ ಅಗತ್ಯವೇ ಬೀಳಲಿಲ್ಲ! ಮಂಡ್ಯದ ನಮ್ಮ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ಆ ಕೆಲಸವನ್ನು ಹಂಚಿಕೊಂಡು ಮಾಡುತ್ತಿದ್ದರು. ಜನ ಮನೆಯಲ್ಲಿ ಹಸು ಸಾಕುತ್ತಾರೆ, ಕೋಳಿ ಸಾಕುತ್ತಾರೆ, ಅನುಕೂಲವಿದ್ದವರು ಬಂಡೂರಿನಿಂದ ಕುರಿಮರಿ ತಂದು ಸಾಕುತ್ತಾರೆ. ನಮ್ಮ ಮಾವ ಇಲಿ ಸಾಕುತ್ತಿದ್ದ. ಜೀರುಂಡೆ ಸಾಕುತ್ತಿದ್ದ. ಜಿರಳೆ ಸಾಕುತ್ತಿದ್ದ. ಕನ್ನಡಕ ಒರೆಸಿಕೊಳ್ಳಬೇಡಿ, ನೀವು ಓದಿದ್ದು ಸರಿಯಾಗಿಯೇ ಇದೆ.

ಅದೂ ಎಂಥ ಕಾಲ ಅಂತೀರಿ? ಯುದ್ಧದ ಕಾಲ. ಅಕ್ಕಿ ರಾಗಿಗೆಲ್ಲ ರೇಷನ್ನು. ಅದರ ಮೇಲೆ ಪ್ಲೇಗಿನ ಭಯ ಬೇರೆ. ಮನೆಯಲ್ಲಿ ಒಂದು ಇಲಿ ತಾನಾಗಿ ಬಿದ್ದು ಸತ್ತರೆ ಅದು ಪ್ಲೇಗು ಬಂದ ಗುರುತು. ಅದಕ್ಕೆ ನಮ್ಮ ಕಡೆ ‘ಇಲಿ ಬಿತ್ತು’ ಎನ್ನುತ್ತಿದ್ದರು. ಆ ಎರಡು ಮಾತು ಕಿವಿಗೆ ಬಿದ್ದರೆ ಸಾಕು, ಬೀದಿಗೆ ಬೀದಿಯೇ ಪಾತ್ರೆ ಪಗಡ ಕಟ್ಟಿಕೊಂಡು ಊರಾಚೆ ಹೊಲದಲ್ಲಿ ಗುಡಿಸಲು ಹಾಕಿಕೊಂಡಿರಲು ಹೊರಟುಬಿಡುತ್ತಿತ್ತು. ಅಂಥ ಕಾಲದಲ್ಲಿ ನಮ್ಮ ಮಾವ ಇಲಿಗಳಿಗೆ ಬಾಣಂತನ ಮಾಡುತ್ತಿದ್ದ!

ಇದಕ್ಕೆಲ್ಲ ಕಾರಣ ಒಂದು ಕೇರೆಹಾವು ಮತ್ತು ಒಂದು ಗೋಸುಂಬೆ. ಮಾವ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ. ಭತ್ತದ ಮೂಟೆಗಳ ಸಂದಿಯಲ್ಲಿ ಸಿಕ್ಕ ಕೇರೆಹಾವನ್ನು ಹಮಾಲಿಗಳು ಬಡಿಯಲು ಹೊರಟಾಗ ಅದನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಮನೆಗೆ ತಂದ. ಗೋಸುಂಬೆ ಗಿರಣಿಯ ಹಿಂದಿನ ಹೊಂಗೆಮರದಿಂದ ಬಿದ್ದು ಕಾಲು ಮುರಿದುಕೊಂಡಿತ್ತು, ಅದನ್ನೂ ತಂದ. ಅತ್ತೆ, ಅಂದರೆ ಮಾವನ ಹೆಂಡತಿ, ಯಾಕೆ ತಂದೆ ಎಂದು ಕೇಳಿದರೆ, ‘ಸಾಯಿಸ್ತಿದ್ರು, ತಂದೆ’ ಎನ್ನುವುದು ಒಂದಕ್ಕೆ ಉತ್ತರ. ‘ಸಾಯ್ತಿತ್ತು, ತಂದೆ’ ಎನ್ನುವುದು ಇನ್ನೊಂದಕ್ಕೆ. ಸರಿ, ತಂದದ್ದಾಯಿತು. ತಂದವುಗಳಿಗೆ ಊಟ ಬೇಡವೇ? ಹಾವಿಗೆ ಇಲಿ ಬೇಕು, ಗೋಸುಂಬೆಗೆ ಹುಳ ಬೇಕು. ದಿನಾ ಹಿಡಿಯಲು ಹೋದರೆ ಗಿರಣಿ ಕೆಲಸ ಕೆಡುತ್ತದೆ. ಅದಕ್ಕೇ ಮನೆಯಲ್ಲೇ ಬೆಳೆಯುವುದು ಎಂದು ಮಾವ ತೀರ್ಮಾನಿಸಿದ. ನಾವು ಹಿತ್ತಲಲ್ಲಿ ಕೊತ್ತಂಬರಿ ಬೆಳೆಯುವುದಿಲ್ಲವೇ, ಹಾಗೆ!

ನಾನು ಮಳವಳ್ಳಿಯಿಂದ ಆ ಮನೆಗೆ ಬಂದದ್ದು ಯುದ್ಧಕ್ಕೂ ಮೊದಲು, ಇನ್ನೂ ಚಿಕ್ಕವಳು. ನನ್ನ ಹೆತ್ತವರಿಬ್ಬರೂ ಒಬ್ಬರ ಹಿಂದೆ ಒಬ್ಬರು ತೀರಿಕೊಂಡಿದ್ದರು. ಮಾವನಿಗೆ ಮಕ್ಕಳಿರಲಿಲ್ಲ, ಅಕ್ಕನ ಮಗಳನ್ನು ಕರೆದುಕೊಂಡು ಬಂದ. ಬಂದ ದಿನ ನನ್ನ ಬಟ್ಟೆಗಂಟನ್ನು ಮಂಚದ ಕೆಳಗೆ ತಳ್ಳಲು ಹೋದೆ. ಒಳಗಿನಿಂದ ಕಿಚಕಿಚ ಸದ್ದು. ಬಗ್ಗಿ ನೋಡಿದರೆ ಸೀಮೆಎಣ್ಣೆ ಡಬ್ಬ, ಅದರ ಬಾಯಿಗೆ ತಂತಿಬಲೆ, ಬಲೆಯ ಹಿಂದೆ ಸಾಲಾಗಿ ಮೂತಿಗಳು! ನಾನು ಕಿರುಚಿದ ಕಿರುಚಿಗೆ ಅತ್ತೆ ಓಡಿಬಂದಳು. ಹೆದರಿದ ಮಗುವನ್ನು ಎತ್ತಿಕೊಳ್ಳುತ್ತಾಳೆ ಎಂದುಕೊಂಡರೆ, ನನ್ನ ಪಕ್ಕ ಕೂತು ತಾನೂ ಅತ್ತುಬಿಟ್ಟಳು. ತನ್ನ ಜೊತೆ ಕಿರುಚಲು ಇನ್ನೊಬ್ಬಳು ಬಂದಳಲ್ಲ ಎಂಬ ಸಮಾಧಾನ ಅವಳಿಗೆ.

ಆ ತಂತಿಬಲೆಯ ಮುಚ್ಚಳಗಳದ್ದೇ ಒಂದು ಕಥೆ. ಅವನ್ನು ಮಾಡಿಕೊಡುತ್ತಿದ್ದವರು ನಮ್ಮ ಬೀದಿಯ ಕೊನೆಯಲ್ಲಿ ತಗಡಿನ ಅಂಗಡಿ ಇಟ್ಟಿದ್ದ ಸಾಬರು. ಮೊದಲ ಸಲ ಮಾವ ಅಳತೆ ಕೊಟ್ಟಾಗ ಅವರು ಬೋನು ಎಂದೇ ತಿಳಿದು, ಇಲಿ ಒಳಗೆ ಹೋಗಲು ಬಾಗಿಲೆಲ್ಲಿ ಎಂದು ಕೇಳಿದರಂತೆ. ಒಳಗೆ ಹೋಗುವುದು ಬೇಡ, ಒಳಗಿರುವುದು ಹೊರಗೆ ಬರಬಾರದು ಅಷ್ಟೆ ಎಂದ ಮಾವ. ಗಾಳಿ ಚೆನ್ನಾಗಿ ಆಡಬೇಕು, ತಂತಿಯ ಮೊನೆ ತಾಕಿ ಮರಿಗಳ ಮೂಗಿಗೆ ಗಾಯವಾಗಬಾರದು ಎಂದೂ ಸೇರಿಸಿದ. ಸಾಬರು ಸುತ್ತಿಗೆ ಕೆಳಗಿಟ್ಟು ಬಹಳ ಹೊತ್ತು ಮಾವನ ಮುಖ ನೋಡಿದರು. “ರೈಟರ್ ಸಾಬ್, ಈ ಊರಲ್ಲಿ ಎಲ್ಲರಿಗೂ ಇಲಿ ಸಾಯೋಕೆ ಮಾಡಿಕೊಟ್ಟಿದೀನಿ. ಇಲಿ ಸುಖವಾಗಿರೋಕೆ ಕೇಳಿದೋರು ನೀವೊಬ್ಬರೇ” ಎಂದರು. ಮಾವ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡ. ಮನೆಗೆ ಬಂದು ಅತ್ತೆಗೆ ಹೇಳಿದ್ದೂ ಹೊಗಳಿಕೆಯ ಧಾಟಿಯಲ್ಲೇ.

ಇಲಿಗಳು ಡಬ್ಬದಲ್ಲಾದರೂ ಇದ್ದವು. ಹುಳಗಳ ಕಥೆ ಕೇಳಿ. ಜೀರುಂಡೆ ಮಡಕೆಯಲ್ಲಿ ನಿಲ್ಲುವುದಿಲ್ಲ, ಒರಟು ಮಣ್ಣನ್ನು ಹಿಡಿದು ಹತ್ತಿ ಬಂದುಬಿಡುತ್ತದೆ. ನುಣುಪಾದ ಗೋಡೆ ಬೇಕು. ಮಾವನ ಕಣ್ಣು ಅತ್ತೆಯ ಉಪ್ಪಿನಕಾಯಿ ಜಾಡಿಗಳ ಮೇಲೆ ಬಿತ್ತು! ಅತ್ತೆಗೆ ತವರಿನವರು ಕೊಟ್ಟ ಪಿಂಗಾಣಿ ಜಾಡಿಗಳು. ಒಂದರಲ್ಲಿ ಮಾವಿನಕಾಯಿ, ಒಂದರಲ್ಲಿ ಹೇರಳೆಕಾಯಿ, ಎರಡು ಖಾಲಿ. ಖಾಲಿ ಇದ್ದ ಎರಡರಲ್ಲಿ ಮಾವ ಒದ್ದೆ ಮರಳು ಹಾಸಿ, ತೆಂಗಿನ ನಾರು ಹಾಕಿ, ಸೌತೆಕಾಯಿ ಹೋಳಿಟ್ಟು, ಮೇಲೆ ತೆಳು ಬಟ್ಟೆ ಕಟ್ಟಿದ. ಉಪ್ಪಿನಕಾಯಿ ಜಾಡಿಗೂ ಬಟ್ಟೆಯನ್ನೇ ಅಲ್ಲವೇ ಕಟ್ಟುವುದು? ನಾಲ್ಕೂ ಒಂದೇ ಥರ ಕಂಡವು. ಒಂದು ದಿನ ಊಟಕ್ಕೆ ಬಂದಿದ್ದ ನೆಂಟರಿಗೆ ಹೇರಳೆಕಾಯಿ ಬಡಿಸಲು ಅತ್ತೆ ಕತ್ತಲ ಕೋಣೆಯಲ್ಲಿ ಜಾಡಿ ಬಿಚ್ಚಿ ಕೈ ಹಾಕಿದಳು. ಹೇರಳೆಕಾಯಿ ಅವಳ ಮೊಳಕೈವರೆಗೆ ಹತ್ತಿಕೊಂಡು ಬಂತು.

ಆಮೇಲೆ ವರ್ಷಗಟ್ಟಲೆ ಆ ನೆಂಟರು ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಮುಟ್ಟಲಿಲ್ಲ. ಜಾಡಿಯಿಂದ ಹೊರಬಿದ್ದ ಜೀರುಂಡೆಗಳು ಮನೆಯ ಸಂದಿಗೊಂದಿ ಸೇರಿ ಕಿರ್ರೋ ಎಂದು ಹಾಡಿದವು. ಮಾವ ಮಾತ್ರ ತುಂಬಾ ನೊಂದುಕೊಂಡ. ಮೊಟ್ಟೆ ಇಡುವ ಸಮಯದಲ್ಲಿ ಅವುಗಳಿಗೆ ಗಾಬರಿಯಾಗಬಾರದಂತೆ!

ರೇಷನ್ ಕಾರ್ಡಿಗೆ ಮನೆಮನೆ ಜನ ಎಣಿಸಲು ಅಧಿಕಾರಿ ಬಂದ ದಿನವಂತೂ ನಾನು ಬಾಗಿಲ ಹಿಂದೆ ನಿಂತು ತಲೆ ಚಚ್ಚಿಕೊಂಡಿದ್ದೆ. ಮನೆಯಲ್ಲಿ ಉಣ್ಣುವವರು ಎಷ್ಟು ಎಂದು ಅವರು ಕೇಳಿದರು. ಇಂಥ ಪ್ರಶ್ನೆಯನ್ನು ನಮ್ಮ ಮಾವನಿಗೆ ಕೇಳಬಹುದೇ? ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. “ಜನ ಮೂರೇ ಸ್ವಾಮಿ. ಉಣ್ಣೋ ಬಾಯಿ ಅಂದ್ರೆ ಏಳಕ್ಕಾಗಕ್ಕಿಲ್ಲ. ಬೆಳಗ್ಗೆ ತಾನೆ ಒಬ್ಬಳು ಎತ್ತವಳೆ” ಎಂದ. ಅಧಿಕಾರಿ ಬಹಳ ಸಂತೋಷಪಟ್ಟು ತಾಯಿ, ಮಗು ಚೆನ್ನಾಗಿದ್ದಾರೆಯೇ ಎಂದು ವಿಚಾರಿಸಿದರು. ಎಂಟು ಮಕ್ಕಳು, ಎಲ್ಲ ಚೆನ್ನಾಗವೆ, ಇನ್ನೂ ಕಣ್ಣು ಬಿಟ್ಟಿಲ್ಲ ಎಂದ ಮಾವ. ಅವರು ಪೆನ್ನಿನ ಮುಚ್ಚಳ ಹಾಕಿಕೊಂಡು, ಕಾಫಿಯನ್ನೂ ಕುಡಿಯದೆ ಪಕ್ಕದ ಮನೆಗೆ ಹೋದರು.

ಈ ಸುದ್ದಿಗಳೆಲ್ಲ ಬೀದಿಯಲ್ಲಿ ನಿಲ್ಲುತ್ತವೆಯೇ? ಬೆಸಗರಹಳ್ಳಿ, ಚಿಕ್ಕರಸಿನಕೆರೆಯವರೆಗೆ ಬಸ್ಸು ಹತ್ತಿ ಹೋದವು. ಈಗ ನಗುತ್ತಾ ಬರೆಯುತ್ತಿದ್ದೇನೆ. ಆಗ ನನಗೆ ನಗು ಬರುತ್ತಿರಲಿಲ್ಲ. ನಾನು ಮದುವೆಯ ವಯಸ್ಸಿಗೆ ಬಂದಿದ್ದೆ. ನನ್ನ ಜೊತೆಯ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಗಂಡನ ಮನೆ ಸೇರಿದರು. ನನಗೆ ಬಂದ ಎರಡು ಸಂಬಂಧಗಳೂ ತಿರುಗಿ ಹೋದವು. ಒಂದು ಕಡೆಯವರು ಜಾತಕದ ನೆಪ ಹೇಳಿದರು. ಇನ್ನೊಂದು ಕಡೆಯವರು ಅಷ್ಟೂ ದಾಕ್ಷಿಣ್ಯ ಮಾಡದೆ, ಇಲಿ ಸಾಕುವ ಮನೆಯ ಹೆಣ್ಣು ನಮ್ಮ ಕಣಜಕ್ಕೆ ಬೇಡ ಎಂದು ಹೇಳಿ ಕಳಿಸಿದರು. ಅವತ್ತು ನಾನು ಎಷ್ಟು ಅತ್ತೆನೆಂದರೆ, ಮಾವ ಗೋಸುಂಬೆಗೆ ಹುಳ ಹಾಕುವುದನ್ನು ಮರೆತು ಜಗಲಿಯಲ್ಲಿ ಕೂತುಬಿಟ್ಟಿದ್ದ.

ಮೂರನೆಯ ಸಂಬಂಧ ಮದ್ದೂರಿನಲ್ಲಿ ಇಲಿಯ ಸುದ್ದಿ ಮುಟ್ಟದ ಒಂದು ಮನೆಯಿಂದ ಬಂತು. ಹುಡುಗ ಶಾಲೆಯ ಮೇಷ್ಟ್ರು. ಅವನ ತಾಯಿಯನ್ನು ಎಲ್ಲರೂ ಮದ್ದೂರವ್ವ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಗದ್ದೆಯನ್ನೂ ಮನೆಯನ್ನೂ ಒಬ್ಬಳೇ ನಿಭಾಯಿಸಿದ ಗಟ್ಟಿ ಹೆಂಗಸು. ಹೆಣ್ಣು ನೋಡಲು ಬರುವ ದಿನ ಗೊತ್ತಾಯಿತು. ಅತ್ತೆ ಮಾವನನ್ನು ದೇವರ ಮನೆಯ ಮುಂದೆ ನಿಲ್ಲಿಸಿ, ಅವತ್ತು ಮನೆಯಲ್ಲಿ ಮನುಷ್ಯರನ್ನು ಬಿಟ್ಟು ಇನ್ನೇನೂ ಉಸಿರಾಡಬಾರದು ಎಂದು ಆಣೆ ಹಾಕಿಸಿಕೊಂಡಳು. ಇದೂ ತಪ್ಪಿದರೆ ನನಗೆ ಮದುವೆಯೇ ಇಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಮಾವ ಮಾತಿಗೆ ತಪ್ಪಲಿಲ್ಲ ಎಂದೇ ಹೇಳಬೇಕು. ಹಾವು ಗೋಣಿಚೀಲದಲ್ಲಿ ಗಿರಣಿಗೆ ಹೋಯಿತು. ಗೋಸುಂಬೆ ಹೊಂಗೆಮರಕ್ಕೆ ಹೋಯಿತು. ಇಲಿ ಡಬ್ಬಗಳೂ ಜಾಡಿಗಳೂ ಸಾಬರ ಅಂಗಡಿಗೆ ಹೋದವು. ಆದರೆ ಒಂದೇ ಒಂದು ಡಬ್ಬವನ್ನು ಮಾತ್ರ ಮಾವ ಅಟ್ಟದ ಮೂಲೆಗೆ ಏರಿಸಿದ್ದ. ಅದರಲ್ಲಿದ್ದದ್ದು ದಿನ ತುಂಬಿದ ಬಸುರಿ. ಆ ಸ್ಥಿತಿಯಲ್ಲಿ ಇಲಿಯನ್ನು ಜಾಗ ಬದಲಿಸಿ ಗಾಬರಿ ಮಾಡಿದರೆ ಹೆತ್ತ ಮರಿಗಳನ್ನು ತಾನೇ ತಿಂದುಬಿಡುತ್ತದಂತೆ. ಇದು ಆಮೇಲೆ ಅವನು ಕೊಟ್ಟ ವಿವರಣೆ. ಬಸುರಿ ಹೆಂಗಸನ್ನು ಬೀದಿಯಲ್ಲಿ ಹೊತ್ತುಕೊಂಡು ತಿರುಗುವುದು ಯಾವ ನ್ಯಾಯ ಎಂದು ನಮ್ಮನ್ನೇ ಕೇಳಿದ!

ಗಂಡಿನವರು ಬಂದರು. ಚಾಪೆಯ ಮೇಲೆ ಕೂತರು. ನಾನು ತಲೆ ತಗ್ಗಿಸಿಕೊಂಡು ಕೇಸರಿಬಾತಿನ ತಟ್ಟೆ ಇಟ್ಟೆ. ಮದ್ದೂರವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಅಡುಗೆ ಬರುತ್ತದೆಯೇ, ನಾಟಿ ಹಾಕಿ ಗೊತ್ತೇ ಎಂದು ಕೇಳಿದರು. ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟೆ. ಅವರ ಮುಖ ಸಡಿಲವಾಗುತ್ತಿತ್ತು. ಅತ್ತೆ ಕಾಫಿ ಲೋಟಗಳನ್ನು ಹಿಡಿದುಕೊಂಡು ಅಡುಗೆಮನೆಯಿಂದ ಹೊರಗೆ ಕಾಲಿಟ್ಟಳು. ಅದೇ ಹೊತ್ತಿಗೆ ಅಟ್ಟದ ಮೇಲಿನಿಂದ ಏನೋ ದೊಪ್ಪನೆ ಬಂದು ಕೇಸರಿಬಾತಿನ ಪಕ್ಕ ಕೂತಿತು. ಬಸುರಿ ಬಲೆಯನ್ನು ಎತ್ತಿ ಹೊರಬಂದಿದ್ದಳು. ಅತ್ತೆ ಕಣ್ಣಿಂದ ಕಂಡದ್ದನ್ನು ಕಂಡ ಹಾಗೆಯೇ ಹೇಳಿದಳು. ಅದರಲ್ಲಿ ಅವಳ ತಪ್ಪೇನಿದೆ?

“ಅಯ್ಯೋ, ಇಲಿ ಬಿತ್ತು!”

ಮುಂದಿನದನ್ನು ನಾನು ನೋಡಿದೆ ಎನ್ನುವುದಕ್ಕಿಂತ, ಅದು ನನ್ನ ಮುಂದೆ ಓಡಿಹೋಯಿತು ಎನ್ನಬೇಕು. ಮದ್ದೂರವ್ವ ಸೆರಗು ಬಾಯಿಗೆ ಒತ್ತಿಕೊಂಡು ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹಾರಿದರು. ಜೊತೆಗೆ ಬಂದಿದ್ದ ಹಿರಿಯರು ಕಿಟಕಿಯ ಕಡೆಗೆ ಹೋಗಿ, ಕಂಬಿಯಿರುವುದನ್ನು ಕಂಡು ಬಾಗಿಲಿಗೆ ತಿರುಗಿದರು. ಹುಡುಗ ಮಾತ್ರ ಒಂದು ಗಳಿಗೆ ನಿಂತು, ಕೇಸರಿಬಾತು ಮೆಲ್ಲುತ್ತಿದ್ದ ಇಲಿಯನ್ನೂ ನನ್ನನ್ನೂ ನೋಡಿದ. ಅವನ ಮುಖದಲ್ಲಿದ್ದದ್ದು ನಗುವೋ ಭಯವೋ ತಿಳಿಯಲಿಲ್ಲ. ಅಷ್ಟರಲ್ಲಿ ತಾಯಿ ತಿರುಗಿ ಬಂದು ತೋಳು ಹಿಡಿದು ಎಳೆದುಕೊಂಡು ಹೋದರು.

ಅತ್ತೆಯ ಮಾತು ಗೋಡೆಯಾಚೆಯ ಮನೆಗೂ ಕೇಳಿತ್ತು. ಅಲ್ಲಿಂದ ಅದರಾಚೆಗೆ. ನೋಡನೋಡುತ್ತಿದ್ದ ಹಾಗೆ ಬೀದಿಯೆಲ್ಲ ‘ರೈಟರ ಮನೇಲಿ ಇಲಿ ಬಿತ್ತಂತೆ’ ಎಂದು ಹೊರಗೆ ಬಂತು. ಹಾಸಿಗೆ ಸುರುಳಿ, ಒರಳು, ಕೋಳಿಪಂಜರ, ಕಂಕುಳಲ್ಲಿ ಮಕ್ಕಳು. ಮಾವನಿಗೆ ವಿಷಯ ಅರ್ಥವಾದದ್ದು ಆಗ. ತಪ್ಪು ತಿಳುವಳಿಕೆಯನ್ನು ಸರಿಪಡಿಸಬೇಕು ಎಂದುಕೊಂಡು ಇಲಿಯನ್ನು ಅಂಗೈಯಲ್ಲಿ ಎತ್ತಿಕೊಂಡು ಅವರ ಹಿಂದೆ ಓಡಿದ! “ಸತ್ತಿಲ್ಲ ಕಣ್ರಪ್ಪಾ, ಬಸುರಿ ಕಣ್ರಪ್ಪಾ, ಮುಟ್ಟಿ ನೋಡಿ” ಎನ್ನುತ್ತಾ ಓಡಿದ. ಪ್ಲೇಗಿನ ಇಲಿಯನ್ನು ಕೈಯಲ್ಲಿ ಹಿಡಿದು ಒಬ್ಬ ಹಿಂದೆ ಬರುತ್ತಿದ್ದರೆ ಜನ ನಿಲ್ಲುತ್ತಾರೆಯೇ? ನಡೆಯಲಾಗದೆ ಹಾಸಿಗೆ ಹಿಡಿದಿದ್ದ ಮುದುಕರೊಬ್ಬರು ಅವತ್ತು ಎಲ್ಲರಿಗಿಂತ ಮುಂದಿದ್ದರು.

ಮಾರನೆಯ ದಿನ ಆರೋಗ್ಯ ಇಲಾಖೆಯವರು ಬಂದರು. ಯಾರ ಮಾತನ್ನೂ ಕೇಳದೆ ಇಡೀ ಬೀದಿಗೆ ಪ್ಲೇಗಿನ ಸೂಜಿ ಚುಚ್ಚಿದರು. ತೋಳು ಊದಿ, ಜ್ವರ ಬಂದು, ಗುಡಿಸಲುಗಳಲ್ಲಿ ಮಲಗಿದ್ದ ಜನಕ್ಕೆ ನಿಜ ಸಂಗತಿ ತಿಳಿಯಿತು. ಬಿದ್ದದ್ದು ಸಾಕಿದ ಇಲಿ! ಪ್ಲೇಗಾಗಿದ್ದರೂ ಅವರಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಜ್ವರ ಇಳಿಯುವವರೆಗೆ ನಮ್ಮ ಮಾವನ ಹೆಸರು ಹಿಡಿದು ಬೈದರು, ಇಳಿದ ಮೇಲೆ ಮನೆಯ ಮುಂದೆ ಬಂದು ನಿಂತು ಬೈದರು.

ಅತ್ತೆ ಬೈಯಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಎಲ್ಲರೂ ಹೋದ ಮೇಲೆ ಮಾವನ ಎದುರು ಕೂತು ನಿಧಾನವಾಗಿ ಕೇಳಿದಳು.

“ತಾಯಿ ತಂದೆ ಇಲ್ಲದ ಕೂಸು ಅಂತ ಕರ್ಕಂಡ್ ಬಂದೆ. ಇವಳ ಬದುಕು ದೊಡ್ಡದೋ, ನಿನ್ನ ಇಲಿ ದೊಡ್ಡದೋ, ಏಳ್ಬುಡು.”

ಮಾವ ತಲೆ ಎತ್ತಲಿಲ್ಲ. “ಈಗ ಅವನ್ನ ಎಲ್ಲಿ ಬುಟ್ರೂ ಬಡಿದು ಸಾಯಿಸ್ತರೆ ಕಣೆ” ಎಂದಷ್ಟೇ ಹೇಳಿ ಎದ್ದು ಹೋದ. ಇಷ್ಟಾದ ಮೇಲೂ! ಆ ಕ್ಷಣ ನಮ್ಮ ಮಾವನನ್ನು ನಾನು ನಿಜವಾಗಿ ದ್ವೇಷಿಸಿದೆ. ನಾಲ್ಕು ಕಾಲಿನ, ಆರು ಕಾಲಿನ, ಕಾಲೇ ಇಲ್ಲದ ಪ್ರಾಣಿಗಳಿಗೆಲ್ಲ ಆ ಎದೆಯಲ್ಲಿ ಜಾಗವಿತ್ತು, ಎರಡು ಕಾಲಿನ ನನಗೆ ಮಾತ್ರ ಇರಲಿಲ್ಲ.

ಆದರೆ ಹೆಚ್ಚು ದಿನ ಕಳೆಯುವ ಮೊದಲೇ ಮದ್ದೂರಿನಿಂದ ಹೇಳಿಕಳಿಸಿದರು: ಹೆಣ್ಣು ಒಪ್ಪಿಗೆಯಾಗಿದೆ, ಲಗ್ನ ಇಡಿಸಿ! ಅತ್ತೆ ಹಿಟ್ಟಿನ ಕೈಯಲ್ಲೇ ಕೂತುಬಿಟ್ಟಳು. ಊರದೇವರಿಗೆ ಹೊತ್ತ ಹರಕೆ ಫಲಿಸಿತು ಎಂದಳು. ಬೀದಿಯವರು, ಗಂಡಿನ ಕಡೆಯವರಿಗೂ ತಲೆ ಸರಿಯಿಲ್ಲ ಎಂದರು. ಮಾವ ಲಗ್ನದ ಕೆಲಸಕ್ಕೆ ಇಳಿದ. ಸೋದರಮಾವ ಮಾಡಬೇಕಾದ ಶಾಸ್ತ್ರವನ್ನೆಲ್ಲ ಮಾಡಿ, ನನ್ನ ಕೈ ಹಿಡಿದು ಹಸೆಮಣೆಗೆ ಕರೆತಂದು, ಗಂಡಿನವರ ಜಟಕಾ ಹೊರಡುವಾಗ ಗಾಡಿಯ ಹಿಂದೆ ನಿಂತಿದ್ದ.

ಹೀಗೆ ಮದ್ದೂರವ್ವ ನನಗೆ ಅತ್ತೆಯಾದರು. ಮಾವನ ಹೆಂಡತಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಈ ವಿಷಯದಲ್ಲಿ ನಮ್ಮ ಭಾಷೆ ಯಾಕೆ ಇಷ್ಟು ಜಿಪುಣವಾಯಿತೋ ಕಾಣೆ. ನಾನು ಇವರನ್ನು ಅವ್ವ ಎಂದೇ ಕರೆದೆ. ಅವರು ನನ್ನನ್ನು ಚೆನ್ನಾಗಿ ನೋಡಿಕೊಂಡರು. ನನಗಿದ್ದ ಒಂದೇ ಕೊರಗು ಮಾವನದು. ಗೌರಿ ಹಬ್ಬಕ್ಕೆ ತವರಿನವರು ಮೊರದಲ್ಲಿ ಬಾಗಿನ ತರುತ್ತಾರೆ. ಓರಗಿತ್ತಿಯರ ಅಣ್ಣತಮ್ಮಂದಿರು ಮನೆಯೊಳಗೆ ಬಂದು, ಕಾಲು ತೊಳೆದು, ಮಣೆಯ ಮೇಲೆ ಕೂತು ಹೋಳಿಗೆ ಉಂಡು, ಒಂದು ನಿದ್ದೆಯನ್ನೂ ತೆಗೆದು ಹೋಗುತ್ತಿದ್ದರು. ನಮ್ಮ ಮಾವ ಬೀದಿಯ ತುದಿಯ ಅರಳಿಕಟ್ಟೆಯ ಹತ್ತಿರ ನಿಂತು ಯಾರ ಕೈಯಲ್ಲಾದರೂ ಹೇಳಿಕಳಿಸುತ್ತಿದ್ದ. ನಾನು ಹೋದರೆ ಮೊರ ಕೊಟ್ಟು, ಚೆನ್ನಾಗಿದ್ದೀಯಾ ಎಂದು ಕೇಳಿ, ಒಳಗೆ ಬಾ ಎಂದರೆ, “ಉಪವಾಸ ಅವೆ ಕಣಮ್ಮ, ಒತ್ತಾಯ್ತದೆ” ಎಂದು ಮುಂದಿನ ಬಸ್ಸಿಗೇ ಹೊರಟುಬಿಡುತ್ತಿದ್ದ. ಗಿರಣಿಯಿಂದ ಮತ್ತೆ ಮನೆ ಸೇರಿದ್ದ ಹಾವಿನ ಊಟದ ಹೊತ್ತು ಮೀರಬಾರದು! ಮಗಳ ಮನೆಯಲ್ಲಿ ಒಂದು ತುತ್ತು ಉಣ್ಣಲು ಹೊತ್ತಿಲ್ಲ! ಪ್ರತಿ ಹಬ್ಬಕ್ಕೂ ನನಗೆ ಹೊಟ್ಟೆ ಉರಿಯುತ್ತಿತ್ತು.

ಸ್ವಾತಂತ್ರ್ಯ ಬಂದ ವರ್ಷದ ಗೌರಿ ಹಬ್ಬ. ದೇಶಕ್ಕೆಲ್ಲ ಬಂದಿದ್ದರೂ ನಮ್ಮ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ಚಳವಳಿ ನಡೆದಿತ್ತು, ಬಸ್ಸುಗಳು ಸರಿಯಾಗಿ ಓಡುತ್ತಿರಲಿಲ್ಲ. ಈ ಸಲ ಮಾವ ಬರುವುದಿಲ್ಲ ಎಂದುಕೊಂಡಿದ್ದೆ. ಮಧ್ಯಾಹ್ನ ಯಾರೋ ಬಂದು, ನಿಮ್ಮ ಮಾವ ಕಟ್ಟೆಯ ಮೇಲೆ ಕೂತಿದ್ದಾನೆ, ಮಂಡ್ಯದಿಂದ ನಡೆದೇ ಬಂದನಂತೆ ಎಂದರು. ನನಗೆ ದುಃಖವೂ ಸಿಟ್ಟೂ ಒಟ್ಟಿಗೇ ಬಂದವು. ಅಷ್ಟು ದೂರ ನಡೆದು ಬಂದವನಿಗೆ ಇನ್ನು ನಾಲ್ಕು ಮನೆ ದಾಟಿ ಒಳಗೆ ಬರಲು ಏನು ರೋಗ ಎಂದು ಅವ್ವನ ಎದುರೇ ಅಂದುಬಿಟ್ಟೆ. ಅವನಿಗೆ ನನಗಿಂತ ಆ ಹಾವೇ ಹೆಚ್ಚು ಎಂದೂ ಅಂದೆ.

ಅವ್ವ ಮಾಡುತ್ತಿದ್ದ ಕೆಲಸ ನಿಲ್ಲಿಸಿದರು.

“ಅವನು ನಿಂಗೆ ಏಳಿಲ್ವಾ?” ಎಂದರು. “ಇಲಿ ಬಿದ್ದ ಮೂರ್ನೇ ದಿನ ಬಂದು ನಮ್ಮ ಬಾಗಿಲಾಗೆ ನಿಂತಿದ್ದ ಕಣಮ್ಮ. ಉಚ್ಚು ನಂದು, ಕೂಸಿಂದಲ್ಲ ಕಣವ್ವ, ಅದು ಇಲಿ ಕಂಡ್ರೆ ಇವತ್ಗೂ ಕಿರುಚ್ತದೆ ಅಂದ. ನಿಮ್ಗೆ ನನ್ನಿಂದ ಅಸಯ್ಯ ಆದ್ರೆ ನಾನು ಸಾಯೋಗಂಟ ನಿಮ್ಮ ಒಸಲು ತುಳಿಯಕ್ಕಿಲ್ಲ, ಕೂಸನ್ನ ಮಾತ್ರ ಬುಡಬ್ಯಾಡಿ ಅಂದ. ಆಗ್ಲಿ ಅಂದ್ಬುಟ್ಟೆ. ಸಿಟ್ಟಲ್ಲಿ ಅಂದಿದ್ದು. ಅದನ್ನ ಇಂಗೆ ಇಡ್ಕಂಡವ್ನೆ ಅಂತ ನಂಗೇನು ಗೊತ್ತು. ನಿಮ್ಮ ಮಾವನಿಗೆ ಬಿಗುಮಾನ ಅಂದ್ಕಂಡಿದ್ದೆ.”

ಮಾವನ ಮನೆಯಲ್ಲಿ ಎಷ್ಟೆಲ್ಲ ಕಂಡು ಬೆಚ್ಚಿದ್ದೆ, ಯಾವುದೂ ನನ್ನನ್ನು ಹೀಗೆ ಬೆಚ್ಚಿಸಿರಲಿಲ್ಲ. ನಾನು ಏಳುವಷ್ಟರಲ್ಲಿ ಅವ್ವನೇ ಎದ್ದು ಬೀದಿಗೆ ಇಳಿದಿದ್ದರು. ನಾನು ಹಿಂದೆ ಓಡಿದೆ.

ಮಾವ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಾಲುಗಳು ಮೊಣಕಾಲವರೆಗೆ ಧೂಳು. ಅವ್ವನನ್ನು ಕಂಡು ಗಾಬರಿಯಿಂದ ಎದ್ದು ನಿಂತ. ಅವರು ಒಳಗೆ ಬಾ ಎಂದರು. ಮಾವ ಮಾತು ಕೊಟ್ಟಿರುವುದನ್ನು ನೆನಪಿಸಿ, ಅದು ಆಗುವುದಿಲ್ಲ ಎಂದು ತಲೆ ಆಡಿಸಿದ.

“ಕೊಟ್ಟೋನು ನೀನು, ಈಸ್ಕಂಡೋಳು ನಾನು” ಎಂದರು ಅವ್ವ. “ಇವತ್ತು ವಾಪಸ್ ಕೊಡ್ತಾ ಇವ್ನಿ. ತಗಂಡು ಒಳಕ್ಕೆ ಬಾರಪ್ಪ.”

ಮಾವ ಮೊರವನ್ನು ನನ್ನ ಕೈಗೆ ಕೊಟ್ಟು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಬಾಗಿಲವರೆಗೆ ಬಂದು, ಹೊಸಿಲ ಹೊರಗೆ ನಿಂತು, ಕಾಲು ತೊಳೆಯಲು ನೀರು ಕೇಳಿದ. ನಾನು ಚೊಂಬು ತಂದೆ, ಅವನ ಕೈಗೆ ಕೊಡಲಿಲ್ಲ. ನಾನೇ ಕೂತು ತೊಳೆದೆ.